ಮೂರು ಮುಳುಗಿನ ಹರಕೆ

ಶುಕ್ರವಾರ ಬೆಳಿಗ್ಗೆ ಬೇಗ ಏಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ವಾರವಿಡೀ ದುಡಿದು, ರಜೆಯ ದಿನವೂ ಮರಳಿಗೋ ಸಮುದ್ರಕ್ಕೋ ಓಡುವ ಈ ಜನಕ್ಕೆ ಮನೆಯಲ್ಲಿ ಹಾಸಿಗೆ ಇಲ್ಲವೇ ಎಂದು ಕುವೈತಿನ ರಿಗ್ಗೈನ ನಮ್ಮ ಫ್ಲಾಟಿನಲ್ಲಿ ಮಲಗಿಕೊಂಡೇ ಎಷ್ಟೋ ಸಲ ಬೈದಿದ್ದೇನೆ. ಅಂಥ ನಾನು ಅಕ್ಟೋಬರಿನ ಕೊನೆಯ ಒಂದು ಶುಕ್ರವಾರ, ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಸಾಲ್ಮಿಯಾದ ಬೋಟ್ ಕಟ್ಟೆಯ ಮೇಲೆ ಆಕಳಿಸುತ್ತ ನಿಂತಿದ್ದೆ. ಎಡಕ್ಕೆ ನನ್ನ ಅವ್ವ, ಬಲಕ್ಕೆ ಹದಿಮೂರು ವರ್ಷದ ನನ್ನ ಮಗಳು. ಇದಕ್ಕೆಲ್ಲ ಕಾರಣ ಒಂದು ಶಬ್ದ. ಹೊಂಡ ಎಂಬ ಶಬ್ದ.

ಆ ಶಬ್ದ ಬಂದದ್ದು ನಮ್ಮ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ. ದಕ್ಷಿಣ ಕನ್ನಡದ ಬ್ಯಾರಿ ಭಾಯಿಯೊಬ್ಬರು ವಾರದ ದಿನಗಳಲ್ಲಿ ರುಮೈಥಿಯಾದಲ್ಲಿ ಅಂಗಡಿ ನೋಡಿಕೊಂಡು, ರಜೆಯ ದಿನ ಜನರನ್ನು ಬೋಟಿನಲ್ಲಿ ಸುತ್ತಾಡಿಸುವ ಕೆಲಸ ಶುರು ಮಾಡಿದ್ದರು. ಮೆಕ್ಸಿಕೊದಲ್ಲಿ ಒಂದೇ ದಿನಕ್ಕೆ ಮಾಯನ್ನರ ಪಾಳುಗುಡಿ, ಸ್ನಾರ್ಕೆಲಿಂಗ್, ನೆಲದಲ್ಲಿ ತಾನಾಗಿ ಆದ ಈಜುಗೊಳ ಮೂರನ್ನೂ ತೋರಿಸುವ ಪ್ರವಾಸ ಇದೆಯಂತೆ. ಅದರ ವಿಡಿಯೋ ನೋಡಿ ಇವರಿಗೆ ಹುಮ್ಮಸ್ಸು ಬಂದಿತ್ತು. ‘ಮೆಕ್ಸಿಕೊಕ್ಕೆ ಯಾಕೆ ಹೋಗುವುದು? ನಮ್ಮಲ್ಲಿಯೂ ಉಂಟು! ಫೈಲಕಾ ದ್ವೀಪದಲ್ಲಿ ನಾಲ್ಕು ಸಾವಿರ ವರ್ಷದ ಹಳೆ ದೇವಸ್ಥಾನದ ಅವಶೇಷ, ಪ್ರಕೃತಿಯೇ ಮಾಡಿದ ಈಜುವ ಹೊಂಡ, ಮತ್ತೆ ಕುಬ್ಬರ್ ದ್ವೀಪದಲ್ಲಿ ಸ್ನಾರ್ಕೆಲಿಂಗ್. ಊಟ ಸೇರಿ. ಯಲ್ಲಾ, ಹೊರಡಿ!’ ಎಂದು ಬರೆದು, ಕೆಳಗೆ ಮೂರು ಮೀನಿನ ಚಿತ್ರ ಹಾಕಿದ್ದರು.

ನಾನು ಅದನ್ನು ಓದಿ ಅಳಿಸುವವಳಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತ ಅವ್ವ ಕನ್ನಡಕ ಸರಿಮಾಡಿಕೊಂಡು ಇಣುಕಿದಳು. ವಿಸಿಟ್ ವೀಸಾದ ಮೇಲೆ ಬಂದಿದ್ದ ಅವಳು ಮುಂದಿನ ವಾರ ಊರಿಗೆ ಹೊರಡುವವಳು.

“ಹಳೇ ಗುಡಿ ಐತಂತ. ಹೊಂಡಾನೂ ಐತಂತ,” ಎಂದಳು. ದನಿ ಬದಲಾಗಿತ್ತು. “ನನ್ನ ಕರಕೊಂಡು ಹೋಗು. ಕೂಸನ್ನೂ ಕರಕೋ.”

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ನಮ್ಮದು ಬಾಗಲಕೋಟೆ ಕಡೆಯ ಒಂದು ಸಣ್ಣ ಊರು. ಊರು ಎನ್ನುವುದು ಈಗ ಬಾಯಿ ಮಾತಿಗಷ್ಟೇ, ಅದು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿಹೋಗಿ ಎಷ್ಟೋ ವರ್ಷವಾಯಿತು. ಊರ ನಡುವೆ ಗುಡಿ, ಗುಡಿಯ ಮುಂದೆ ನಾಲ್ಕೂ ಕಡೆ ನೀರಿಗಿಳಿಯಲು ಕಲ್ಲಿನ ಪಾವಟಿಗೆಯಿದ್ದ ಹೊಂಡ. ದೇವಿಯ ಹೆಸರೇ ಹೊಂಡದವ್ವ. ಆ ಸೀಮೆಯಲ್ಲಿ ಹೊಂಡ ಎಂದರೆ ಯಾರೂ ಬೇರೆ ಅರ್ಥ ತಿಳಿಯುವುದಿಲ್ಲ. ಹಳೆಯ ಗುಡಿ ಇದ್ದಲ್ಲಿ ಹೊಂಡ, ಹೊಂಡ ಇದ್ದಲ್ಲಿ ದೇವಿ. ಅವ್ವ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಸು ಕಲಿತದ್ದು ಅಲ್ಲೇ. ಗಂಡುಹುಡುಗರನ್ನೂ ಹಿಂದೆ ಹಾಕುತ್ತಿದ್ದಳೆಂದು ಸೋದರಮಾವ ಈಗಲೂ ಹೊಟ್ಟೆಕಿಚ್ಚು ಪಡುತ್ತಾನೆ. ಊರು ಎಬ್ಬಿಸಿದಾಗ ದೇವಿಯನ್ನು ಟ್ರ್ಯಾಕ್ಟರಿನಲ್ಲಿ ಕೂಡಿಸಿಕೊಂಡು ಹೊಸ ಊರಿಗೆ ತಂದು ಸಿಮೆಂಟಿನ ಗುಡಿ ಕಟ್ಟಿದರು. ಹೊಂಡವನ್ನು ಯಾರು ತರುತ್ತಾರೆ? ಅದು ಬೇಸಿಗೆಯಲ್ಲೂ ನೀರು ಸರಿಯದ ಆಳದಲ್ಲಿ ಉಳಿಯಿತು. ಅಂದಿನಿಂದ ಅವ್ವ ಹರಿಯುವ ನೀರಿಗಾಗಲಿ ನಿಂತ ನೀರಿಗಾಗಲಿ ಕಾಲಿಟ್ಟವಳಲ್ಲ. ಕುವೈತಿನ ಕಡಲ ದಂಡೆಗೆ ಕರೆದೊಯ್ದರೂ ಅಲೆ ಮುಟ್ಟದಷ್ಟು ದೂರ ನಿಂತು, “ನಿನ್ನ ಗುಣಾ ನನಗೊತ್ತಿಲ್ಲೇನ?” ಎನ್ನುವಂತೆ ನೀರನ್ನು ನೋಡುತ್ತಿದ್ದಳು.

ನನ್ನ ಮಗಳು ಹುಟ್ಟಿದ್ದು ಇಲ್ಲಿಯೇ, ದಿನ ತುಂಬುವ ಮೊದಲೇ. ಅಂಗೈಯಗಲದ ಕೂಸು ಗಾಜಿನ ಪೆಟ್ಟಿಗೆಯೊಳಗೆ, ನಾನು ಹೊರಗೆ. ಅವ್ವನಿಗೆ ಆಗ ವೀಸಾ ಸಿಗಲಿಲ್ಲ. ಫೋನಿನಲ್ಲಿ ನಾನು ಅಳುತ್ತಿದ್ದಾಗ ಆಕಡೆಯಿಂದ ಅವಳು, “ಹೊಂಡದವ್ವಾ, ಈ ಕೂಸನ್ನ ಉಳಿಸು ತಾಯಿ, ನಿನ್ನ ಹೊಂಡದಾಗ ಮೂರು ಮುಳುಗು ಹಾಕಸ್ತೀನಿ,” ಎಂದು ಹರಕೆ ಹೊತ್ತುಬಿಟ್ಟಳು. ಬಾಯಿಯ ರೂಢಿ. ಆಡಿದ ಮರುಗಳಿಗೆಗೆ ಇಬ್ಬರಿಗೂ ನೆನಪಾಯಿತು, ಹೊಂಡವೇ ಮುಳುಗಿದೆಯಲ್ಲ ಎಂದು.

ಕೂಸು ಉಳಿಯಿತು, ಹರಕೆಯೂ ಉಳಿಯಿತು. ಹೊಸ ಗುಡಿಯ ಪೂಜಾರಿ ನಳದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತಲೆಗೆ ಮೂರು ಸಲ ಹಾಕಿದರೆ ಸಾಕು ಎಂದ. “ಹರಕಿ ಅಂದ್ರ ಬಕೇಟಿನ ಜಳಕೇನೋ? ಮುಳುಗು ಅಂದೀನಿ, ಮುಳುಗಽ ಆಗಬೇಕು,” ಎಂದು ಅವ್ವ ಅವನ ಬಾಯಿ ಮುಚ್ಚಿಸಿದಳು. ಬೇರೆ ಕ್ಷೇತ್ರದ ಹೊಂಡಕ್ಕೆ ಹೋಗೋಣವೆಂದರೆ, ಒಬ್ಬಾಕೆಯ ಹರಕೆಯನ್ನು ಇನ್ನೊಬ್ಬಾಕೆಯ ಮನೆಯಲ್ಲಿ ತೀರಿಸಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ ಎಂದಳು. ಹಾಗಿದ್ದರೆ ಅರಬರ ನಾಡಿನ ದ್ವೀಪದ ಹೊಂಡ ಹೇಗೆ ನಡೆಯುತ್ತದೆ? ನಾನು ಕೇಳಿಯೇ ಬಿಟ್ಟೆ.

“ಅಲ್ಲಿ ಆಕಿದು ಗುಡಿ ಬಿದ್ದೈತಿ, ಹೊಂಡ ಉಳದೈತಿ. ನಮ್ಮಾಕಿದು ಗುಡಿ ಐತಿ, ಹೊಂಡ ಹೋಗೇತಿ. ಇಬ್ಬರೂ ಅರ್ಧರ್ಧ ಹಂಚಿಕೊಳ್ಳಲಿ. ಕೇಳೋರಿಲ್ಲದ ದೇವಿ, ಆಕೀನೂ ಒಲ್ಲೆ ಅನ್ನಂಗಿಲ್ಲ.”

ಈ ಲೆಕ್ಕಾಚಾರಕ್ಕೆ ನಾನು ಹೂಂ ಎಂದೆ. ಮಗಳು ಬಿಡಲಿಲ್ಲ. “ನೋ ವೇ, ಅಜ್ಜಿ. ಐ ಆಮ್ ನಾಟ್ ಡೂಯಿಂಗ್ ಎನಿ ಪೂಜಾ ಇನ್ ಪಬ್ಲಿಕ್,” ಎಂದು ಕೈ ಕಟ್ಟಿ ನಿಂತಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವ್ವನಿಗೆ ಇಂಗ್ಲಿಷ್ ಬಾರದು, ಆದರೆ ‘ನೋ’ ಎಂದರೇನೆಂದು ಈ ಮೂರು ತಿಂಗಳಲ್ಲಿ ಚೆನ್ನಾಗಿ ಕಲಿತಿದ್ದಳು. ಹರಕೆಯ ಕಾರಣವನ್ನು ಮಗಳಿಗೆ ನಾವು ಹೇಳಿರಲೇ ಇಲ್ಲ. ಬದುಕಿ ಬಾಳುವ ಹುಡುಗಿಗೆ ಸಾವಿನ ಮಾತು ಯಾಕೆ ಎಂದು ಅವ್ವನೇ ತಡೆದಿದ್ದಳು. ಸ್ನಾರ್ಕೆಲಿಂಗ್ ಇದೆ ಎಂಬ ಒಂದೇ ಆಸೆಗೆ ಹುಡುಗಿ ಹೊರಟಳು. ಗಂಡನಿಗೆ ಪ್ಲಾಂಟಿನಲ್ಲಿ ಶಿಫ್ಟ್ ಇತ್ತು. ಪುಣ್ಯವಂತ, ತಪ್ಪಿಸಿಕೊಂಡ.

ಬೋಟು ದಡ ಬಿಟ್ಟಿತು. ನಮ್ಮ ಜೊತೆ ಇನ್ನೆರಡು ಕುಟುಂಬ. ಭಾಯಿ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಂಚಿದರು. ಅವ್ವ ಇಳಕಲ್ ಸೀರೆಯ ಮೇಲೆ ಅದನ್ನು ತೊಟ್ಟು, ಹಿಸುಕಿ ನೋಡಿ, “ಇದು ನಮ್ಮ ಬೆಂಡಽ ನೋಡು,” ಎಂದು ಮೆಚ್ಚಿದಳು. ಅವಳ ಚೀಲ ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ನನಗೆ ಅನುಮಾನ ಬಂದು ಬಗ್ಗಿ ನೋಡಿದೆ. ಅರಿಸಿನ, ಕುಂಕುಮ, ಹಸಿರು ಕುಪ್ಪಸದ ಖಣ, ಒಂದು ತೆಂಗಿನಕಾಯಿ! ದೇವಿಗೆ ಉಡಿ ತುಂಬುವ ಪೂರ್ತಿ ಸಾಮಗ್ರಿ. ನನ್ನ ಸಿಟ್ಟು ನೆತ್ತಿಗೇರಿತು. ಕಾಯಿ ಒಯ್ಯಬೇಡ ಎಂದು ಹಿಂದಿನ ದಿನವಷ್ಟೇ ಬಾಯಿ ನೋಯುವಷ್ಟು ಹೇಳಿದ್ದೆ.

ಭಾಯಿಯೂ ನೋಡಿದರು. ಮುಖ ಸಪ್ಪಗಾಯಿತು. “ಅಮ್ಮಾ, ಇದನ್ನು ಅಲ್ಲಿ ಹೊರಗೆ ತೆಗಿಬೇಡಿ ಆಯ್ತಾ? ಅಲ್ಲಿ ಕಾವಲಿನವರು ಇರ್ತಾರೆ. ಪೂಜೆ ಗೀಜೆ ಅಂತ ಗೊತ್ತಾದ್ರೆ ನನ್ನ ಇಕಾಮಾ, ಇಲ್ಲಿ ಇರುವ ಪರ್ಮಿಟ್ಟೇ ಖಲಾಸ್!”

“ನಾ ಯಾರಿಗೂ ತೋರಸಂಗಿಲ್ಲ ತಗೋ,” ಎಂದ ಅವ್ವ, ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುಚ್ಚಿಕೊಂಡಿದ್ದೇ ಎಲ್ಲರಿಗೂ ಎದ್ದು ಕಂಡಿತು.

ಫೈಲಕಾದಲ್ಲಿ ಇಳಿದಾಗ ಬಿಸಿಲು ಹಿತವಾಗಿತ್ತು. ಮೊದಲು ಸಿಕ್ಕಿದ್ದು ಖಾಲಿ ಮನೆಗಳು. ಬಾಗಿಲಿಲ್ಲ, ಕಿಟಕಿಯಿಲ್ಲ, ಗೋಡೆಗಳ ಮೇಲೆ ಗುಂಡು ಬಿದ್ದ ತೂತುಗಳು. ಇರಾಕ್ ಕುವೈತನ್ನು ಹಿಡಿದ ಯುದ್ಧದ ಕಾಲದಲ್ಲಿ ದ್ವೀಪದ ಜನರನ್ನೆಲ್ಲ ಎಬ್ಬಿಸಿ ಕಳಿಸಿದರೆಂದೂ ಆಮೇಲೆ ಅವರು ಹಿಂದಿರುಗಿ ಬಾಳಲಿಲ್ಲವೆಂದೂ ಭಾಯಿ ವಿವರಿಸಿದರು. ಬೇರೆಯವರು ಫೋಟೋ ತೆಗೆದುಕೊಳ್ಳುತ್ತಿದ್ದರು. ಅವ್ವ ಒಂದು ಮನೆಯ ಹೊಸ್ತಿಲ ಹೊರಗೆ ನಿಂತು, ಒಳಗೆ ಒಲೆ ಎಲ್ಲಿತ್ತು, ದನ ಎಲ್ಲಿ ಕಟ್ಟುತ್ತಿದ್ದರು ಎಂದು ತಾನೇ ಗುರುತು ಹಿಡಿಯುತ್ತಿದ್ದಳು. “ಇವರಿಗೆ ಎಲ್ಲಿ ಜಾಗಾ ಕೊಟ್ರಂತ?” ಎಂದು ಕೇಳಿದಳು. ಭಾಯಿಗೆ ಸರಿಯಾಗಿ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ಅವರಿಗೆ ಈ ತನಕ ಯಾರೂ ಕೇಳಿರಲಿಕ್ಕಿಲ್ಲ.

ಮುಂದೆ ಅವಶೇಷಗಳು. ದಿಲ್ಮುನ್ ಎಂಬ ಹಳೆಯ ಕಾಲದ ಜನ ಕಟ್ಟಿದ ಗುಡಿಯ ಬುನಾದಿ, ಆಮೇಲೆ ಬಂದ ಗ್ರೀಕರ ಕೋಟೆ. ಮೊಣಕಾಲೆತ್ತರದ ಕಲ್ಲಿನ ಸಾಲು ಬಿಟ್ಟರೆ ನನಗೆ ಏನೂ ಕಾಣಲಿಲ್ಲ. ಆದರೆ ಅವ್ವ ಬೇಲಿಯ ಈಚೆಯಿಂದಲೇ ಗರ್ಭಗುಡಿ ಇಲ್ಲಿ, ಮುಂಬಾಗಿಲು ಇಲ್ಲಿ ಎಂದು ನಿರ್ಧರಿಸಿ, ಯಾರಿಗೂ ಕಾಣದಂತೆ ಎದೆಯ ಹತ್ತಿರ ಕೈಮುಗಿದಳು. ಅವಳ ಮುಖದಲ್ಲಿ ಅಂಥ ಉತ್ಸಾಹ ನಾನು ನೋಡಿ ಬಹಳ ದಿನವಾಗಿತ್ತು. “ಇನ್ನ ಹೊಂಡ ತೋರಸ್ರಿ,” ಎಂದಳು.

ಭಾಯಿ ನಮ್ಮನ್ನು ದ್ವೀಪದ ಇನ್ನೊಂದು ಬದಿಗೆ, ಬಂಡೆಗಳಿದ್ದ ದಂಡೆಗೆ ಕರೆದೊಯ್ದರು. ಭರತದ ನೀರು ಇಳಿದು, ಬಂಡೆಯ ತಗ್ಗುಗಳಲ್ಲಿ ಅಲ್ಲಲ್ಲಿ ನಿಂತಿತ್ತು. ಒಂದರಲ್ಲಿ ನಾಲ್ಕು ಏಡಿ, ಇನ್ನೊಂದರಲ್ಲಿ ಒಂದು ಪ್ಲಾಸ್ಟಿಕ್ ಚಪ್ಪಲಿ. ಎಲ್ಲಕ್ಕಿಂತ ದೊಡ್ಡದರಲ್ಲಿ ಮೊಣಕಾಲು ಮುಳುಗುವಷ್ಟು ನೀರು.

“ಇದೇ ಅಮ್ಮಾ, ಹೊಂಡ,” ಎಂದರು ಭಾಯಿ, ಹೆಮ್ಮೆಯಿಂದ.

ಅವ್ವ ಸುತ್ತ ನೋಡಿದಳು, ಹಿಂದೆ ನೋಡಿದಳು. “ಎಲ್ಲೈತಿ?”

“ಇದೇ. ನೀರು ಉಂಟಲ್ಲ? ಮಕ್ಕಳು ಇದರಲ್ಲಿ ಒಳ್ಳೆ ಆಡ್ತಾರೆ.”

“ಇದು ತಗ್ಗು. ಹೊಂಡ ಅಲ್ಲ. ಪಾವಟಿಗಿ ಎಲ್ಲಿ? ದೇವಿ ಎಲ್ಲಿ?”

“ಎಂತ ಪಾವಟಿಗೆ ಅಮ್ಮಾ? ನಮ್ಮಲ್ಲಿ ರೋಡಲ್ಲಿ ಮಳೆನೀರು ನಿಲ್ತದಲ್ಲ, ಅದು ಸಹ ಹೊಂಡವೇ!”

ನನಗೆ ನಗು ತಡೆಯಲಾಗಲಿಲ್ಲ. ಒಂದೇ ಕನ್ನಡ, ಒಂದೇ ಶಬ್ದ. ಅವರ ಊರಿನಲ್ಲಿ ಸ್ಕೂಟರ್ ಚಕ್ರ ಇಳಿಯುವ ಗುಂಡಿ, ನಮ್ಮ ಊರಿನಲ್ಲಿ ದೇವಿ ಜಳಕ ಮಾಡುವ ತೀರ್ಥ. ಜೋರಾಗಿ ನಕ್ಕುಬಿಟ್ಟೆ. ನಗುತ್ತ ಅವ್ವನ ಮುಖ ನೋಡಿದೆ, ನಗು ಅಲ್ಲೇ ನಿಂತಿತು. ಅವಳು ಬಂಡೆಯ ಮೇಲೆ ಕುಳಿತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಣ್ಣು ತುಂಬಿತ್ತು. “ಬಿಡು. ನನ್ನ ಕಾಲಕ್ಕ ಇದು ತೀರೂದಲ್ಲ,” ಎಂದಳು. ನನಗೆ ಅವಳ ಮೇಲೆ ಕನಿಕರ, ಭಾಯಿಯ ಮೇಲೆ ಸಿಟ್ಟು, ಸರ್ಕಾರ ಕಟ್ಟಿದ ಆ ಅಣೆಕಟ್ಟಿನ ಮೇಲೆ ಇನ್ನೂ ದೊಡ್ಡ ಸಿಟ್ಟು, ಎಲ್ಲ ಒಟ್ಟಿಗೇ ಬಂತು.

ಭಾಯಿ ಒದ್ದಾಡಿಹೋದರು. ತಪ್ಪು ಅವರದ್ದಲ್ಲ, ಆದರೂ ಬೋಟಿಗೆ ಮರಳುವವರೆಗೆ “ಬೇಜಾರು ಮಾಡ್ಬೇಡಿ ಅಮ್ಮಾ” ಎಂದು ಎಷ್ಟು ಸಲ ಅಂದರೋ. ಕೊನೆಗೆ ಅವರೇ ಚೀಲದಿಂದ ಕಾಯಿ ಕೇಳಿ ತೆಗೆದುಕೊಂಡು, ಬೋಟಿನ ಕಬ್ಬಿಣದ ಅಂಚಿಗೆ ಕುಟ್ಟಿ ಒಡೆದು, “ಕಾಯಿ ತಿಂದ್ರೆ ಯಾರೂ ಕೇಳುದಿಲ್ಲ,” ಎಂದು ಎಲ್ಲರಿಗೂ ಹಂಚಿದರು. ನಾವು ಕಟ್ಟಿದ್ದ ಸಜ್ಜಿ ರೊಟ್ಟಿಯ ಜೊತೆ, ಅವರು ತಂದ ಬಿರಿಯಾನಿಯ ಜೊತೆ, ಆ ಕಾಯಿ ಚೂರುಗಳೂ ಮುಗಿದವು. ಅವ್ವ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

ಬೋಟು ದಕ್ಷಿಣಕ್ಕೆ ಕುಬ್ಬರ್ ಕಡೆ ಹೊರಟಾಗ ಮಗಳು ನನ್ನ ಪಕ್ಕ ಬಂದು ಕುಳಿತಳು. “ವೈ ಈಸ್ ಶಿ ಕ್ರೈಯಿಂಗ್? ಇಟ್ಸ್ ಜಸ್ಟ್ ಎ ಪಾಂಡ್!”

ನಾನು ಹೇಳಿದೆ. ಗಾಜಿನ ಪೆಟ್ಟಿಗೆ, ಮೂಗಿನ ನಳಿಕೆ, ನರ್ಸು ನನ್ನ ಕಣ್ಣು ತಪ್ಪಿಸಿ ನಡೆದದ್ದು, ಫೋನಿನ ಹರಕೆ, ಮುಳುಗಿದ ಹೊಂಡ, ಎಲ್ಲ. ಅವ್ವ ತಡೆದಿದ್ದಳು, ನಿಜ. ಆದರೆ ಹದಿಮೂರು ವರ್ಷದ ಹುಡುಗಿಗೆ ತಾನು ಬದುಕಿದ ಕತೆ ಗೊತ್ತಿರಬಾರದೇ? ಅವಳು ಮಧ್ಯೆ ಒಮ್ಮೆ, “ಐ ವಾಸ್ ದ್ಯಾಟ್ ಸ್ಮಾಲ್?” ಎಂದು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಬೋಟಿನ ಮುಂದಿನ ತುದಿಗೆ ಹೋಗಿ ಗಾಳಿಗೆ ಮುಖ ಕೊಟ್ಟು ನಿಂತಳು.

ಕುಬ್ಬರ್ ಎಂದರೆ ಬರೀ ಮರಳಿನ ಸಣ್ಣ ದ್ವೀಪ. ಸುತ್ತ ತಿಳಿನೀರು, ಕೆಳಗೆ ಹವಳ. ಲಂಗರು ಬಿದ್ದ ಕೂಡಲೇ ಉಳಿದವರೆಲ್ಲ ನೀರಿನ ಕನ್ನಡಕ, ನಳಿಕೆ ಕಟ್ಟಿಕೊಂಡು ಭಾಯಿಯ ಹಿಂದೆ ನೀರಿಗೆ ಇಳಿದರು. “ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?” ಎಂದು ಅವರಲ್ಲೊಬ್ಬ ಹೆಂಗಸು ಅವ್ವನನ್ನು ಕೆಣಕಿದಳು. ಅವ್ವ ಬೋಟಿನ ನಟ್ಟನಡುವೆ ಕುಳಿತು, “ನಾ ಬಂದಿರೂದು ಮಗಳ ಊರಿಗೆ, ನೀರಿಗಲ್ಲ,” ಎಂದಳು. ನನಗಂತೂ ಈಜು ಬರುವುದಿಲ್ಲ. ನಾನು ಕಲಿಯುವ ವಯಸ್ಸಿಗೆ ಊರು ಖಾಲಿ ಮಾಡುವ ಗದ್ದಲ ಎದ್ದಿತ್ತು. ನಾನೂ ಅವಳ ಪಕ್ಕದಲ್ಲೇ ಉಳಿದೆ.

ಮಗಳು ಹೋಗಲಿಲ್ಲ. ಬೋಟಿನ ಏಣಿ ಹಿಡಿದು ನೀರಿನಲ್ಲಿ ನಿಂತಿದ್ದಳು. ಶಾಲೆಯ ಈಜುಕೊಳದಲ್ಲಿ ಪಳಗಿದ ಹುಡುಗಿ ಅವಳು. “ಅಜ್ಜಿ,” ಎಂದು ಕರೆದಳು. “ಥ್ರೀ ಟೈಮ್ಸ್, ರೈಟ್? ಮೂರು?”

ಅವ್ವನಿಗೆ ಮೊದಲು ತಿಳಿಯಲಿಲ್ಲ. ನನಗೆ ತಿಳಿಯಿತು. ಹುಡುಗಿ ಲೈಫ್ ಜಾಕೆಟ್ ಬಿಚ್ಚಿ ಏಣಿಗೆ ಸಿಕ್ಕಿಸಿದಳು. ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ಅವ್ವ ಎದ್ದು ಅಂಚಿಗೆ ಬಂದಳು. ಅವಳ ತುಟಿಗಳು ಅಲುಗುತ್ತಿದ್ದವು.

ಹುಡುಗಿ ಮುಳುಗಿದಳು, ಎದ್ದಳು. “ಒಂದು,” ಎಂದಳು ಅವ್ವ. ಮತ್ತೆ ಮುಳುಗಿದಳು, ಕೂದಲು ಮುಖಕ್ಕಂಟಿಕೊಂಡು ನಗುತ್ತ ಎದ್ದಳು. “ಎರಡು,” ಎಂದಳು ಅವ್ವ. ಆಗ ಹುಡುಗಿ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿ ಮೂರನೆಯ ಸಲ ಮುಳುಗಿದಳು.

ಬರಲಿಲ್ಲ.

ನೀರಿನ ಮೇಲೆ ಒಂದೆರಡು ಗುಳ್ಳೆ ಬಂದವು, ಆಮೇಲೆ ಅವೂ ಇಲ್ಲ. ನಾನು “ಭಾಯಿ!” ಎಂದು ಕಿರುಚಿದೆ. ಭಾಯಿ ದೂರದಲ್ಲಿ, ಉಳಿದವರಿಗೆ ಮೀನು ತೋರಿಸುತ್ತ, ತಲೆಯನ್ನು ನೀರಿನೊಳಗೆ ಇಟ್ಟಿದ್ದರು. ಬೋಟ್ ನಡೆಸುವವನು ಆಚೆ ಬದಿಯಲ್ಲಿದ್ದ. ಪಕ್ಕದಲ್ಲಿ ದೊಡ್ಡ ಸದ್ದಾಯಿತು, ಮುಖಕ್ಕೆಲ್ಲ ಉಪ್ಪುನೀರು ಸಿಡಿಯಿತು. ಒರೆಸಿಕೊಂಡು ನೋಡಿದರೆ ಅವ್ವ ಬೋಟಿನಲ್ಲಿ ಇರಲಿಲ್ಲ.

ಇಳಕಲ್ ಸೀರೆ ನೀರಿನ ಮೇಲೆ ಹರಡಿತ್ತು. ಅದರ ನಡುವೆ ಕಿತ್ತಳೆ ಜಾಕೆಟ್, ಬಿಳಿಕೂದಲ ತಲೆ, ಬೀಸುತ್ತಿದ್ದ ಎರಡು ತೋಳು. ಅಷ್ಟು ವರ್ಷ ನೀರು ಮುಟ್ಟದವಳು, ನಿನ್ನೆಯಷ್ಟೇ ಹೊಂಡದಿಂದ ಎದ್ದು ಬಂದವಳಂತೆ ಈಸುತ್ತಿದ್ದಳು. ಅವಳು ಮುಟ್ಟುವಷ್ಟರಲ್ಲಿ ಹುಡುಗಿ ಸ್ವಲ್ಪ ಆಚೆಗೆ ಪುಸಕ್ಕನೆ ಎದ್ದಳು, ಸುಖವಾಗಿ, ಏನೂ ಆಗದವಳ ಹಾಗೆ. “ಓ ಮೈ ಗಾಡ್, ದೆರ್ ಈಸ್ ಎ ಬ್ಲೂ ಫಿಶ್...” ಎಂದವಳು ಅಜ್ಜಿಯನ್ನು ಕಂಡು ಬಾಯಿ ತೆರೆದೇ ಉಳಿದಳು. “ಅಜ್ಜಿ! ಯು ಕ್ಯಾನ್ ಸ್ವಿಮ್!”

ಅವ್ವ ಅವಳ ಜಡೆ ಹಿಡಿದು ಎಳೆದು, ಬೆನ್ನಿಗೆ ಒಂದು ಗುದ್ದು ಕೊಟ್ಟು, ಎದೆಗೆ ಒತ್ತಿಕೊಂಡಳು. ಅಳುತ್ತಿದ್ದಳೋ ಬೈಯುತ್ತಿದ್ದಳೋ ಹೇಳುವುದು ಕಷ್ಟ.

“ಮೂರು ಮುಳುಗು ಅಂದ್ರ ಮೂರು ಸಲ ಮ್ಯಾಲ ಬರಬೇಕು, ಹುಚ್ಚಿ! ಮುಳುಗೂದು ಯಾರಿಗಿ ಬರಂಗಿಲ್ಲ? ನಮ್ಮ ಊರಿಗೂ ಬಂತು ಮುಳುಗೂದು. ಮ್ಯಾಲ ಬರೂದಽ ಹರಕಿ!”

ಭಾಯಿ ಅಷ್ಟರಲ್ಲಿ ಧಾವಿಸಿ ಬಂದಿದ್ದರು. ಸೀರೆಯಲ್ಲಿ ತೇಲುತ್ತಿದ್ದ ಅವ್ವನನ್ನು ಕಂಡು, “ಎಂತ ಆಯ್ತು ಮಾರಾಯ್ರೆ!” ಎಂದು ನನ್ನ ಕಡೆ ನೋಡಿದರು. ನಾನು ಹುಡುಗಿಯ ಕಡೆ ಬೆರಳು ತೋರಿಸಿದೆ. ಅವ್ವನನ್ನು ಏಣಿಯ ಕಡೆ ತರಲು ಅವರು ಕೈ ಚಾಚಿದರು. ಅವ್ವ ಆ ಕೈಯನ್ನು ಸರಿಸಿದಳು.

“ತಡೀರಿ. ಮೂರನೇದು ಲೆಕ್ಕಕ್ಕಿಲ್ಲ. ಮತ್ತೊಮ್ಮೆ ಹಾಕಬೇಕು,” ಎಂದಳು. ಆಮೇಲೆ ಹುಡುಗಿಯ ಕಡೆ ತಿರುಗಿ, “ಆ ಗಾಜು ಇಲ್ಲಿ ಕೊಡು. ಏನ ನೋಡಕೋತ ಕುಂತಿದ್ದಿ ಕೆಳಗ, ನಾನೂ ನೋಡತೀನಿ.”

ಮಗಳು ಕನ್ನಡಕವನ್ನು ಅಜ್ಜಿಯ ತಲೆಗೆ ತಾನೇ ಕಟ್ಟಿದಳು. ಬಿಳಿಕೂದಲನ್ನು ಒಂದೊಂದಾಗಿ ಪಟ್ಟಿಯಿಂದ ಬಿಡಿಸಿದಳು. ಇಬ್ಬರೂ ಕೈ ಹಿಡಿದುಕೊಂಡರು. ನಾನು ಬೋಟಿನ ಅಂಚನ್ನು ಬಿಗಿಯಾಗಿ ಹಿಡಿದೆ. ಅವರು ಮುಖವನ್ನು ನೀರಿಗೆ ಇಟ್ಟರು. ಜಾಕೆಟ್ ಅವ್ವನನ್ನು ಪೂರ್ತಿ ಮುಳುಗಗೊಡಲಿಲ್ಲ, ಕಿವಿಯವರೆಗೆ ಮಾತ್ರ. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಎರಡೂ ತಲೆಗಳು ಒಟ್ಟಿಗೇ ಮೇಲೆ ಬಂದವು.